ತಿಪ್ಪೆ ಓದುತ್ತಿದ್ದ ಅಕ್ಕೋರು

ಡ್ರಿಲ್ ಮುರಿಯಬಹುದಿತ್ತು. ಮುರಿದ ಚೂರು ಹಾರಿ ಮಿಸ್ತ್ರಿಯ ಕಣ್ಣಿಗೆ ಬಡಿಯಬಹುದಿತ್ತು. ಕಣ್ಣು ಪಾರಾದರೆ ಅವರು ಆ ತಿಂಗಳಷ್ಟೇ ಕಟ್ಟಿಸಿಕೊಂಡಿದ್ದ ಮುಂದಿನ ಹಲ್ಲಿಗೆ ಬಡಿಯಬಹುದಿತ್ತು. ತೂತು ದೊಡ್ಡದಾಗಬಹುದಿತ್ತು. ಕೂದಲೆಳೆಯಷ್ಟು ದೊಡ್ಡದಾದರೂ ಸಾಕು, ಆ ಗಲ್ಲಿಯವರ ಪಾಲಿಗೆ ಅದು ಬಾವಿ. ಸರಿಯಾಗಿ ಹತ್ತು ಗಂಟೆಗೆ ಕರೆಂಟು ಹೋಗಬಹುದಿತ್ತು. ರೇಲ್ವೆ ಗೇಟು ಮುಚ್ಚಿ, ಗೂಡ್ಸ್ ಗಾಡಿ ನಟ್ಟನಡುವೆ ನಿಂತು, ನಾನು ಹೋಗುವಷ್ಟರಲ್ಲಿ ಮಿಸ್ತ್ರಿ ಸಿಟ್ಟಾಗಿ ಬೇರೆ ಕೆಲಸ ಹಿಡಿದಿರಬಹುದಿತ್ತು. ಡಬ್ಬಿಯೊಳಗಿನ ಹತ್ತು ಡ್ರಿಲ್‌ಗಳು ಸ್ಕೂಟರಿನ ಕುಲುಕಾಟಕ್ಕೆ ಒಂದನ್ನೊಂದು ಕಡಿದು ಮೊಂಡಾಗಬಹುದಿತ್ತು. ಹಾಗಾಗದಿರಲೆಂದು ಒಂದೊಂದಕ್ಕೂ ಹಳೆಯ ಬನಿಯನ್ನಿನ ತುಂಡು ಸುತ್ತಿದ್ದೆ. ಆ ಬನಿಯನ್ನಿನಲ್ಲಿ ನನ್ನ ಬೆವರಿನ ಉಪ್ಪು ಉಳಿದಿದ್ದು ಧಾರೆಗೆ ತುಕ್ಕು ಹಿಡಿಯಬಹುದಿತ್ತು. ಅವಸರದಲ್ಲಿ ಡ್ರಿಲ್ ಡಬ್ಬಿಯ ಬದಲು ಊಟದ ಡಬ್ಬಿ ಒಯ್ದು, ಮಿಸ್ತ್ರಿಯ ಮುಂದೆ ಮುಚ್ಚಳ ತೆಗೆದರೆ ಒಳಗೆ ರೊಟ್ಟಿ ಇರಬಹುದಿತ್ತು. ಈ ಒಂದು ಅಪಾಯ ತಪ್ಪಿಸಲು ಆ ದಿನ ನಾನು ಊಟವನ್ನೇ ಒಯ್ಯಲಿಲ್ಲ.

ಇದೆಲ್ಲ ಈಗ ನೆನೆಸಿಕೊಂಡು ಬರೆದದ್ದಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆಗಲೇ ಬರೆದಿಟ್ಟದ್ದು, ಈಗಲೂ ಕಪಾಟಿನಲ್ಲಿದೆ. ಚಿಂತೆ ಮಾಡುವುದು ನನ್ನ ಹುಟ್ಟುಗುಣ. "ನೀವು ಚಿಂತೀನ ಒಂದು ಧಂದಿ ಮಾಡಿದ್ರ ಇಷ್ಟೊತ್ತಿಗೆ ಹುಬ್ಬಳ್ಳಿ ಧಾರವಾಡದಾಗ ಬ್ರಾಂಚ್ ಆಗಿರ್ತಿದ್ವು" ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಆದರೆ ಆ ದಿನದ ಚಿಂತೆಗೆ ಕಾರಣವಿತ್ತು. ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ನಾನು ಇಪ್ಪತ್ತೆರಡು ವರ್ಷ ಸ್ಟೋರ್‌ಕೀಪರ್ ಆಗಿದ್ದೆ. ಮಾಲೀಕರು ಮಷೀನುಗಳನ್ನು ಮಾರಿ ಶಟರ್ ಎಳೆದಾಗ ನನಗೆ ನಲವತ್ತೆಂಟು. ನಲವತ್ತೆಂಟರ ಸ್ಟೋರ್‌ಕೀಪರನನ್ನು ಯಾರೂ ಹೊಸದಾಗಿ ಇಟ್ಟುಕೊಳ್ಳುವುದಿಲ್ಲ. ಮೂರು ಕಡೆ ಕೇಳಿ ತಿಳಿದುಕೊಂಡಿದ್ದೆ. ಹಾಗಾಗಿ ಕಬ್ಬಿಣಕ್ಕೆ ತೂತು ಕೊರೆದು ಮೊಂಡಾದ ಡ್ರಿಲ್‌ಗಳಿಗೆ ಸಾಣೆ ಹಿಡಿದುಕೊಡುವ ಸಣ್ಣ ಉದ್ಯೋಗ ಶುರು ಮಾಡಲು ಹೊರಟಿದ್ದೆ. ಅದೇ ಗಲ್ಲಿಯ ಎಲ್ಲಕ್ಕಿಂತ ದೊಡ್ಡ ವರ್ಕ್‌ಶಾಪಿನ ಮಿಸ್ತ್ರಿ ಹತ್ತು ಮೊಂಡ ಡ್ರಿಲ್ ಕೊಟ್ಟು, "ಇವನ್ನ ಮಾಡ್ಕೊಂಡು ಬರ್ರಿ, ನೋಡೂಣು" ಅಂದಿದ್ದರು. ಅವರು ಹೂಂ ಅಂದರೆ ಗಲ್ಲಿಯ ಉಳಿದವರೆಲ್ಲ ಹೂಂ. ಅವರು ಊಹೂಂ ಅಂದರೆ ನನಗೆ ಆ ಊರಿನಲ್ಲಿ ತಟ್ಟಲು ಇನ್ನೊಂದು ಬಾಗಿಲು ಇರಲಿಲ್ಲ.

ಪಟ್ಟಿಯಲ್ಲಿದ್ದ ಒಂದೂ ಆಗಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಒಂದು ಆಯಿತು. ಅದನ್ನು ಹೇಳಬೇಕೆಂದರೆ ಆ ದಿನ ನನ್ನ ಜೊತೆ ಬಂದಿದ್ದವರ ಬಗ್ಗೆ ಮೊದಲು ಹೇಳಬೇಕು. ಹೋದ ತಿಂಗಳು ಖಾನಾಪುರದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ನೋಡಿದರೆ ಅಂಗಳದ ತುಂಬ ಜನ: ಗೇರುಬೀಜ ಒಡೆಯುವವರು, ಇಟ್ಟಿಗೆ ಭಟ್ಟಿಯವರು, ಮಗ್ಗದವರು, ನನ್ನಂತೆ ಉಗುರಿನ ಸಂದಿಯ ಗ್ರೀಸು ಎಂದೂ ಹೋಗದವರು. ಅವರಿಗೆ ಇಷ್ಟು ಜನ ಇದ್ದಾರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ನಮ್ಮ ಅಕ್ಕೋರು ಶಾಲೆಯಲ್ಲಿ ಕಲಿಸಿದವರಲ್ಲ. ಸಣ್ಣ ಕೈಗಾರಿಕೆಗಳಿಗೆ ನೆರವಾಗುವ ಸರಕಾರಿ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾಗಿ, ಆಮೇಲೆ ಸ್ವಂತ ಉದ್ಯೋಗ ಮಾಡಬೇಕೆನ್ನುವವರಿಗೆ ತರಬೇತಿ ಕೊಡುತ್ತಿದ್ದರು. ಟಿಳಕವಾಡಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಮೂರು ವಾರದ ವರ್ಗ. ಕೆಳಗೆ ಗಿರಣಿ ಶುರುವಾದರೆ ಮೇಲೆ ನೆಲ ನಡುಗಿ, ಮೇಜಿನ ಮೇಲಿನ ಸೀಮೆಸುಣ್ಣದ ತುಂಡು ತಾನಾಗಿಯೇ ಉರುಳಿ ಹೋಗುತ್ತಿತ್ತು. ಮೊದಲ ದಿನ ನಾನು ಕಿಟಕಿಯ ಪಕ್ಕ ಕೂತೆ, ಮಹಡಿ ಕುಸಿದರೆ ಹೊರಗೆ ಹಾರಬಹುದೆಂದು.

ಅಕ್ಕೋರು ಗಿಡ್ಡ ಆಳು. ಮಡಿಕೆ ಬಿದ್ದ ಹತ್ತಿಯ ಸೀರೆ, ಗಂಡಸರ ಗಡಿಯಾರ, ಹೆಗಲಿಗೆ ಕಂಬಳಿಯ ತುಂಡಿನಿಂದ ಹೊಲಿದ ಚೀಲ. ಆ ಚೀಲದಲ್ಲಿ ಕಾಗದಪತ್ರ ಇರಬೇಕೆಂದು ನಾವು ಅಂದುಕೊಂಡಿದ್ದೆವು. ಅವರು ತೆಗೆದದ್ದು ಒಡೆದ ಸ್ಪೀಕರಿನಿಂದ ಕಿತ್ತ, ದಾರ ಕಟ್ಟಿದ ಒಂದು ಅಯಸ್ಕಾಂತ, ಒಂದು ಅಡಿಪಟ್ಟಿ, ಒಂದು ಪೊಟ್ಟಣ ಚುರಮುರಿ. ಚುರಮುರಿಯನ್ನು ನಮಗೆ ಹಂಚಿ ಒಬ್ಬೊಬ್ಬರನ್ನೇ ಕೇಳಿದರು, "ಏನ್ ಮಾಡಬೇಕಂತ ಬಂದೀರಿ?"

ನನ್ನ ಸರದಿ ಬಂದಾಗ ಅಂದೆ, "ಏನರೆ ಒಂದು ಧಂದಿ ಮಾಡ್ಬೇಕಂತ ರೀ."

"ಏನರೆ ಅನ್ನೂ ಮಾಲು ಯಾವ ಪ್ಯಾಟ್ಯಾಗ ಸಿಗತೈತ್ರಿ? ವಿಳಾಸ ಕೊಡ್ರಿ, ನಾನೂ ಎರಡು ಕಿಲೋ ತರ್ತೀನಿ."

ಎಲ್ಲರೂ ನಕ್ಕರು. ಹಿಂದೆ ಏನು ಮಾಡುತ್ತಿದ್ದಿರಿ ಎಂದು ಕೇಳಿ ತಿಳಿದ ಮೇಲೆ, ಅಂದಿನಿಂದ ಕೊನೆಯವರೆಗೂ ಅವರು ನನ್ನನ್ನು ಕರೆದದ್ದು "ಸ್ಟೋರ್ ಸಾಹೇಬ್ರ" ಎಂದೇ.

ಆಮೇಲೆ ಅವರು ಮಾಡಿದ್ದು ನನಗೆ ಇನ್ನೂ ಆಶ್ಚರ್ಯ. ಇಂಥ ವರ್ಗಗಳಲ್ಲಿ ಉದ್ಧಾರವಾದವರ ಕಥೆ ಹೇಳುತ್ತಾರೆ. ಅಕ್ಕೋರು ತಮ್ಮ ಮಾತು ಕೇಳಿ ಮುಳುಗಿದವರ ಹೆಸರು ಹೇಳಿದರು. ಖಾನಾಪುರದ ಕಡೆ ಹನ್ನೊಂದು ಹೆಣ್ಣುಮಕ್ಕಳಿಗೆ ಬಿದಿರಿನ ಬುಟ್ಟಿ ಹೆಣೆಯಲು ತಾವೇ ಹೇಳಿದ್ದರಂತೆ. ಗೇರುಬೀಜದ ಕಾರ್ಖಾನೆಯವರು ಬುಟ್ಟಿ ಕೊಳ್ಳುತ್ತಿದ್ದರು. ಒಂದೇ ವರ್ಷದಲ್ಲಿ ಅವರೆಲ್ಲ ಪ್ಲಾಸ್ಟಿಕ್ ಕ್ರೇಟಿಗೆ ಹೋದರು. ಹನ್ನೊಂದು ಹೆಸರನ್ನೂ ಅಕ್ಕೋರು ಬಾಯಿಪಾಠ ಹೇಳಿ, "ಅವರ ಕಾರ್ಖಾನಿ ಹಿಂದ ಆಗಲೇ ಎರಡು ಒಡಕ ಕ್ರೇಟು ಬಿದ್ದಿದ್ವು. ನಾ ನೋಡಿದ್ದೆ. ನೋಡಿನೂ ಓದಲಿಲ್ಲ. ಅದಕ್ಕ ನನ್ನ ಮಾತು ಕೇಳ್ರಿ, ಆದ್ರ ನಂಬಬ್ಯಾಡ್ರಿ. ಹೋಗಿ ನೋಡಿ ನಂಬ್ರಿ" ಅಂದರು.

ನನ್ನಂಥ ಪುಕ್ಕಲನಿಗೆ ಈ ಮಾತು ಎಷ್ಟು ಹಿತವಾಯಿತೆಂದರೆ, ಕಿಟಕಿ ಬಿಟ್ಟು ಮುಂದಿನ ಸಾಲಿಗೆ ಬಂದು ಕೂತೆ.

ಎರಡನೆಯ ದಿನ ವರ್ಗವಿಲ್ಲ. ಬೆಳಿಗ್ಗೆಯೇ ನಮ್ಮನ್ನೆಲ್ಲ ರವಿವಾರ ಪೇಟೆಗೆ ಹೊರಡಿಸಿದರು. ಅಂಗಡಿಗಳ ಮುಂದಲ್ಲ, ಹಿಂದಿನ ಸಂದಿಗೆ. ಅಲ್ಲಿ ಖಾಲಿ ಚೀಲ, ಒಡೆದ ಪೆಟ್ಟಿಗೆ, ಕತ್ತರಿಸಿ ಎಸೆದ ಪಟ್ಟಿಗಳು ಬಿದ್ದಿರುತ್ತವೆ. ಅಕ್ಕೋರು ಒಂದು ಪೆಟ್ಟಿಗೆಯ ಮೇಲೆ ಬಗ್ಗಿ, ಪತ್ರ ಓದುವವರಂತೆ ಅದರ ಮೇಲೆ ಅಚ್ಚಾದದ್ದನ್ನು ಓದಿದರು. ಎಲ್ಲಿಂದ ಬಂದ ಮಾಲು, ಎಷ್ಟು ದೂರದಿಂದ, ದಾರಿಯಲ್ಲಿ ಎಷ್ಟು ಒಡೆದಿದೆ. "ಇದು ಇಷ್ಟು ದೂರದಿಂದ ಬಂದು ಇಲ್ಲಿ ಮಾರತೈತಿ ಅಂದ್ರ, ಒಂದೋ ಇಲ್ಲಿ ಮಾಡಾಕ ಬರೂದಿಲ್ಲ, ಇಲ್ಲಾ ಇಲ್ಲಿ ಯಾರಿಗೂ ತಿಳದಿಲ್ಲ. ಯಾವುದಂತ ಹುಡುಕ್ರಿ" ಅಂದರು.

ಒಬ್ಬ ಅಂಗಡಿಯವರು ಹಿಂಬಾಗಿಲಿನಿಂದ ಇಣುಕಿದರು. "ಅಕ್ಕಾರ, ಮುಂದ ಬರ್ರಿ, ಕುಂದರ್ರಿ. ಮಾಲೆಲ್ಲಾ ಮುಂದ ಐತಿ, ಹಿಂದ ಏನೈತಿ?"

"ಮುಂದ ನೀವು ಮಾರಬೇಕಂತ ಮಾಡಿದ್ದೈತ್ರಿ. ಖರೇ ಮಾರಿದ್ದು ಹಿಂದ ಐತಿ."

ಆ ಮನುಷ್ಯ ಒಂದು ಕ್ಷಣ ಅವರನ್ನೂ ತಿಪ್ಪೆಯನ್ನೂ ನೋಡಿ, ಒಳಗೆ ಹೋಗಿ ಎಲ್ಲರಿಗೂ ಚಹಾ ಕಳಿಸಿದರು.

ಈ ಕಲೆ ಎಲ್ಲಿ ಕಲಿತಿರಿ ಎಂದು ಅಂದು ಚಹಾ ಕುಡಿಯುತ್ತ ಯಾರೋ ಕೇಳಿದರು. ಅಕ್ಕೋರು ಕುರಿ ಕಾಯುವವರ ಮನೆಯ ಮಗಳು, ಖಾನಾಪುರ ತಾಲೂಕಿನ ಮೂಡಣದ ಬಯಲುಸೀಮೆಯ ಹಳ್ಳಿಯವರು. "ನಮ್ಮಪ್ಪ ಮುಂಜಾನಿ ಎದ್ದಕೂಡಲೇ ಕುರೀದು ಮಾರಿ, ಕಣ್ಣು ನೋಡ್ತಿರಲಿಲ್ರಿ. ಹಟ್ಟಿಯಾಗ ಹಿಕ್ಕಿ ನೋಡ್ತಿದ್ದ. ಯಾವುದಕ್ಕ ಜಡ್ಡು, ಯಾವುದು ನಿನ್ನಿ ಏನ್ ತಿಂತು, ಎಲ್ಲಾ ಅದರಾಗ ಇರ್ತಿತ್ತು. ಕುರಿ ಮಾರಿ ಸುಳ್ಳು ಹೇಳತೈತಿ, ಹಿಕ್ಕಿ ಹೇಳೂದಿಲ್ಲ ಅಂತಿದ್ದ. ನಾ ಕಚೇರಿಗೆ ಬಂದೆ, ಮಂದಿ ಅರ್ಜಿ ಹಿಡಕೊಂಡು ಬಂದ್ರು. ಅರ್ಜಿ ಅಂದ್ರ ಮಾರಿ. ಹಂಗಾಗಿ ನಾ ಹಿಂದಿನ ಬಾಗಿಲಕ್ಕ ಹೋಗಾಕ ಹತ್ತಿದೆ." ಕಚೇರಿಯಲ್ಲಿ ಇದರಿಂದ ಅವರಿಗೆ ಬಡ್ತಿಯೇನೂ ಸಿಗಲಿಲ್ಲ. ಸೀರೆಯ ಅಂಚಿಗೆ ಬೂದಿ ಹಚ್ಚಿಕೊಂಡು ಬರುವ ಅಧಿಕಾರಿಯನ್ನು ಮೇಲಿನವರು ಸಭೆಗಳಲ್ಲಿ ಹಿಂದಿನ ಕುರ್ಚಿಗೆ ಕಳಿಸುತ್ತಿದ್ದರಂತೆ. "ಹಿಂದನ ಚೊಲೋರಿ, ಅಲ್ಲಿಂದ ಎಲ್ಲಾರ ಬೆನ್ನು ಕಾಣತಿತ್ತು" ಅನ್ನುತ್ತಿದ್ದರು.

ಬೆಳಗಾವಿಯ ಬಗ್ಗೆ ಅವರದೊಂದು ದೂರಿತ್ತು. ಇದು ಒಂದು ಊರಲ್ಲ, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ನಾಲ್ಕು ಪಂಗಡದವರು ಉಳಿದುಕೊಂಡ ಛತ್ರ. ಕಬ್ಬಿಣದವರಿಗೆ ಮಗ್ಗದವರ ಸುದ್ದಿ ಗೊತ್ತಿಲ್ಲ, ಮಗ್ಗದವರಿಗೆ ಪೇಟೆಯವರದು, ಪೇಟೆಯವರಿಗೆ ಖಾನಾಪುರದ ಮಣ್ಣಿನವರದು. ನಮ್ಮ ವರ್ಗದಲ್ಲಿ ವಡಗಾವಿಯಿಂದ ಬರುತ್ತಿದ್ದ ಒಬ್ಬ ತಾಯಿ ಮಗ್ಗದ ಹಿಂದೆ ಬೀಳುವ ಹತ್ತಿಯ ನೂಲಿನ ಸಿಕ್ಕನ್ನು ಒಲೆಗೆ ಹಾಕುತ್ತಿದ್ದರು. ಅಕ್ಕೋರು ಅದರಲ್ಲಿ ಒಂದು ಹಿಡಿ ತರಿಸಿ ನನ್ನ ಕೈಗಿಟ್ಟರು. "ಸ್ಟೋರ್ ಸಾಹೇಬ್ರ, ಇದೇನು?" ನನಗೆ ತಕ್ಷಣ ಗೊತ್ತಾಯಿತು. ಮಷೀನಿನ ಎಣ್ಣೆ ಒರೆಸಲು ನಾನು ಪ್ರತಿ ತಿಂಗಳೂ ಮೂಟೆಗಟ್ಟಲೆ ತರಿಸುತ್ತಿದ್ದ ಮಾಲು ಅದು. ಎಲ್ಲಿಂದ? ಬೇರೆ ರಾಜ್ಯದಿಂದ. ವಡಗಾವಿ ನನ್ನ ಸ್ಟೋರಿನಿಂದ ಸ್ಕೂಟರಿನಲ್ಲಿ ಕಾಲು ತಾಸು.

ಮೂರನೆಯ ವಾರ ನಮ್ಮನ್ನು ಖಾನಾಪುರಕ್ಕೆ ಕರೆದೊಯ್ದರು. ನಾನು ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು, ನಿಂಬೆಹಣ್ಣು ಮೂಸುತ್ತ, ಘಟ್ಟವಿಲ್ಲದ ರಸ್ತೆಯಲ್ಲೂ ಘಟ್ಟದ ಭಯ ಅನುಭವಿಸುತ್ತ ಹೋದೆ. ಅಲ್ಲಿ ಹಂಚು ಸುಡುವ ಒಂದು ಭಟ್ಟಿ. ಅದರ ಮಾಲೀಕರು ಮರಾಠಿ ಮಾತಿನವರು. ಅಕ್ಕೋರನ್ನು ಕಂಡೊಡನೆ ಕೈ ಎತ್ತಿ ಕೂಗಿದರು, "ಕಾಯ್ ಬಾಈ, ಪುನ್ಹಾ ಕಚರಾ ಬಘಾಯ್ಲಾ ಆಲಾತ್?" ಏನಮ್ಮಾ, ಮತ್ತೆ ಕಸ ನೋಡಲು ಬಂದಿರಾ, ಎಂದು. ಅಕ್ಕೋರು ಮರಾಠಿಯಲ್ಲೇ ಏನೋ ಅಂದು ಅವರನ್ನು ನಗಿಸಿ, ಸೀದಾ ಒಡಕು ಹಂಚಿನ ರಾಶಿಗೆ ಹೋಗಿ ಕುಕ್ಕರಗಾಲಲ್ಲಿ ಕೂತರು.

ಮಾಲೀಕರ ತೊಂದರೆ ಇದು: ಹಂಚು ಬಹಳ ಒಡೆಯುತ್ತಿದ್ದವು. ಮಣ್ಣು ಕೆಟ್ಟಿದೆಯೆಂದು ಯಾರೋ ಹೇಳಿ, ಬೇರೆ ಕಡೆಯಿಂದ ಮಣ್ಣು ತರಿಸುವ ಮಾತುಕತೆ ಮುಗಿದಿತ್ತು. ಅಕ್ಕೋರು ನಮ್ಮ ಕೈಗೆ ಒಂದೊಂದು ಚೂರು ಕೊಟ್ಟು ಕೇಳಿದರು, "ಎಲ್ಲಿ ಒಡದೈತಿ ಹೇಳ್ರಿ." ಮೂಲೆಯಲ್ಲಿ. "ನಿಮ್ದು?" ಮೂಲೆಯಲ್ಲಿ. ನೂರಾರು ಚೂರು ತಿರುವಿದೆವು. ಹೆಚ್ಚೂಕಡಿಮೆ ಎಲ್ಲವೂ ಮೂಲೆ.

"ಮಣ್ಣಿಂದ ದೋಷ ಇದ್ರ, ಇಲ್ಲಾ ಉರಿ ಹೆಚ್ಚೂಕಮ್ಮಿ ಆಗಿದ್ರ, ನಡುವ ಸೀಳತೈತಿ. ಮೂಲಿ ಒಡದೈತಿ ಅಂದ್ರ ಎತ್ತಿಡೂವಾಗ ಬಡದೈತಿ. ಇವರಿಗೆ ಬೇಕಾದ್ದು ಮಣ್ಣಲ್ಲ, ಹೊರೂ ಚೌಕಟ್ಟು." ಚೀಲದಿಂದ ಅಡಿಪಟ್ಟಿ ತೆಗೆದು ಹಂಚಿನ ಅಳತೆ ಹಿಡಿದರು. ನಮ್ಮಲ್ಲಿದ್ದ ಬಡಿಗನೊಬ್ಬ ಅಲ್ಲೇ ನೆಲದ ಮೇಲೆ ಚೌಕಟ್ಟಿನ ಚಿತ್ರ ಗೀಚಿದ. ಅವನ ಉದ್ಯೋಗ ಆ ಗೀಟಿನಿಂದ ಶುರುವಾಯಿತು. ಇಂದು ಖಾನಾಪುರದ ಎಷ್ಟೋ ಭಟ್ಟಿಗಳಲ್ಲಿ ಅವನ ಚೌಕಟ್ಟುಗಳಿವೆ.

ತಿರುಗಿ ಬರುವಾಗ ನಾನು ಧೈರ್ಯ ಮಾಡಿ ಕೇಳಿದೆ, "ಇಷ್ಟೆಲ್ಲಾ ಗೊತ್ತಿದ್ದು ನೀವ ಯಾಕ ಒಂದು ಧಂದಿ ಮಾಡಲಿಲ್ರಿ ಅಕ್ಕೋರ?"

"ಕುರಿ ಕಾಯೂವನ ಮೈಮ್ಯಾಲ ಉಣ್ಣಿ ಹುಡುಕಾಕ ಹೋಗಬ್ಯಾಡ್ರಿ ಸಾಹೇಬ್ರ" ಎಂದು ಕಿಟಕಿಯ ಕಡೆ ತಿರುಗಿದರು. ಆಮೇಲೆ ಬೇರೆಯೇ ದನಿಯಲ್ಲಿ, "ಅಂಜಿಕಿ ರೀ. ನನಗೂ ಅಂಜಿಕಿ. ಮಂದೀದು ನೋಡೂದು ಸಲೀಸು" ಅಂದರು. ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ಸೋತ ಮಾತು ಅದು. ಆ ಕ್ಷಣ ಅವರು ನನಗೆ ಬಹಳ ಹತ್ತಿರದವರಾದರು.

ವರ್ಗ ಮುಗಿಯುತ್ತ ಬಂದರೂ ನನ್ನ 'ಏನರೆ' ಹಾಗೇ ಇತ್ತು. ಕೊನೆಗೊಂದು ದಿನ ಅವರೇ ನನ್ನ ಸ್ಕೂಟರಿನ ಹಿಂದೆ ಕೂತು, "ನಡೀರಿ, ನಿಮ್ಮ ತಿಪ್ಪಿ ನೋಡೂಣು" ಅಂದರು. ಮುಚ್ಚಿದ ವರ್ಕ್‌ಶಾಪಿನ ಹಿಂದೆ ಗುಜರಿಯವರು ಇನ್ನೂ ಒಯ್ಯದ ರಾಶಿ ಬಿದ್ದಿತ್ತು. ಅಕ್ಕೋರು ದಾರ ಕಟ್ಟಿದ ಅಯಸ್ಕಾಂತವನ್ನು ಬಾವಿಗೆ ಕೊಡ ಬಿಟ್ಟ ಹಾಗೆ ಅದರೊಳಗೆ ಬಿಟ್ಟರು. ಮೇಲೆ ಎತ್ತಿದಾಗ ಜೊಂಪೆಯಾಗಿ ಡ್ರಿಲ್‌ಗಳು ಅಂಟಿಕೊಂಡು ಬಂದವು. ಉದ್ದನೆಯವು, ಗಿಡ್ಡವು, ತುದಿ ಮಾತ್ರ ಮೊಂಡಾದವು.

"ಇವನ್ನ ಯಾರು ಒಗದಾರ?"

"ನಾನ ರೀ. ಹಳೇದು ತಂದ್ರ ಹೊಸಾದು ಕೊಡ್ತಿದ್ದೆ. ಹಳೇದು ಇಲ್ಲಿಗೆ."

"ಇವು ಸತ್ತಾವೋ, ಮಲಗ್ಯಾವೋ?"

ನಾನು ಒಂದನ್ನು ಕೈಗೆ ತೆಗೆದುಕೊಂಡು ನೋಡಿದೆ. ಬೆರಳುದ್ದದ ಒಳ್ಳೆಯ ಉಕ್ಕು, ಅಕ್ಕಿಕಾಳಿನಷ್ಟು ತುದಿ ಕೆಟ್ಟಿತ್ತು, ಅಷ್ಟೇ. ದೊಡ್ಡ ಕಾರ್ಖಾನೆಗಳಲ್ಲಿ ಸಾಣೆ ಹಿಡಿಯಲು ಬೇರೆ ವಿಭಾಗವೇ ಇರುತ್ತದೆ. ನಮ್ಮಂಥ ಸಣ್ಣ ವರ್ಕ್‌ಶಾಪುಗಳಲ್ಲಿ ಬಲ್ಲವರಿಗೆ ಬಿಡುವಿಲ್ಲ, ಬಿಡುವಿದ್ದವರಿಗೆ ಬರುವುದಿಲ್ಲ. ಇಪ್ಪತ್ತೆರಡು ವರ್ಷ ನನ್ನ ಮುಂದಿನ ಅನ್ನವನ್ನು ನಾನೇ ದಿನಾ ರಿಜಿಸ್ಟರಿನಲ್ಲಿ ಬರೆದು ಹಿತ್ತಲಿಗೆ ಎಸೆದಿದ್ದೆ. ಸಹಿ ಸಮೇತ.

"ಮಲಗ್ಯಾವ್ರಿ" ಅಂದೆ.

ಅಲ್ಲಿಂದ ನನ್ನ ಚಿಂತೆಗಳಿಗೆ ಹಬ್ಬ. ನೋಟ್‌ಬುಕ್ಕು ತುಂಬಿತು. ಅದನ್ನು ಅಕ್ಕೋರಿಗೆ ತೋರಿಸಿ, ಇದಾಗದ ಕೆಲಸ ಎಂದು ಹೇಳಿಸಿಕೊಂಡು ಹಗುರಾಗೋಣವೆಂದು ಹೋದೆ. ಅವರು ಚಾಳೀಸು ಹಾಕಿಕೊಂಡು ಪುಟಪುಟವೂ ಓದಿದರು. "ಸಾಹೇಬ್ರ, ಮಂದಿ ಪ್ರಾಜೆಕ್ಟ್ ರಿಪೋರ್ಟ್ ಬರಿಯಾಕ ಬರೂದಿಲ್ಲಂತ ಅಳ್ತಾರ. ನೀವು ಅರ್ಧಾ ಬರದಬಿಟ್ಟೀರಿ. ಈಗ ಪ್ರತಿ ಚಿಂತಿ ಬಾಜೂಕ ಒಂದು ಹತ್ಯಾರ ಬರೀರಿ. ಹತ್ಯಾರ ಸಿಕ್ರ ಅದು ಕೆಲಸ. ಸಿಗಲಿಲ್ಲಂದ್ರ ಅದು ಬರೇ ಹವಾ, ಗೀಟು ಹೊಡೀರಿ." ಹತ್ಯಾರ ಅಂದರೆ ನಮ್ಮಲ್ಲಿ ಕೆಲಸದ ಉಪಕರಣ.

ಹಾಗೆ ಬರೆದೆ. ತುದಿಯ ಕೋನ ತಪ್ಪಿದರೆ? ಕೋನ ನೋಡುವ ಗೇಜು. ಕಿಡಿ ಕಣ್ಣಿಗೆ ಹಾರಿದರೆ? ಕನ್ನಡಕ. ಯಾರ ಡ್ರಿಲ್ ಯಾರದೆಂದು ಕಲಸಿಹೋದರೆ? ಬಣ್ಣದ ಡಬ್ಬಿಗಳು. ಭೂಕಂಪವಾದರೆ? ಇದರ ಮೇಲೆ ಅಕ್ಕೋರು ತಾವೇ ಗೀಟು ಎಳೆದರು.

ಹಳೆಯದೊಂದು ಸಾಣೆಯ ಮಷೀನು ತಂದು ಮಹಾಂತೇಶ ನಗರದ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಟ್ಟೆ. ಎರಡು ಮೂಟೆ ಗುಜರಿ ಡ್ರಿಲ್ ನಾನು ತಿದ್ದಿ ಕಲಿಯುವ ಪಾಟಿ. ಗೇಜಿಗೆ ಹಿಡಿದರೆ ಕೋನ ಸರಿ, ಕಣ್ಣಿಗೆ ಧಾರೆ ಸರಿ, ತೂತು ಹೊಡೆದರೆ ಮಾತ್ರ ದೊಡ್ಡದು. ಎರಡು ತಿಂಗಳು ಇದೇ ಗೋಳು. "ಮಷೀನು ವಾಪಸ್ ಕೊಡ್ತೀನಿ" ಎಂದು ಫೋನು ಮಾಡಿದ ಮರುದಿನ ಅಕ್ಕೋರು ಖಾನಾಪುರದಿಂದ ಬಂದರು. ಆಗಲೇ ಮೊಣಕಾಲು ನೋವು. ಶೆಡ್ಡಿನ ಮೆಟ್ಟಿಲು ಇಳಿಯಲು ನನ್ನ ಹೆಂಡತಿಯ ಭುಜ ಹಿಡಿದರು.

"ನಿಮಗ ಸಾಣಿ ಹಿಡಿಯಾಕ ಬರತೈತೇನ್ರಿ?" ಎಂದು ನನ್ನ ಹೆಂಡತಿ ಕೇಳಿದಳು.

"ಇಲ್ಲವಾ ತಂಗಿ. ಅವರು ತೂತು ಹೊಡೀಲಿ, ನಾ ಕಸಾ ನೋಡ್ತೀನಿ."

ನಾನು ತೂತು ಹೊಡೆದೆ. ಅವರು ತೂತಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಮೇಲೆ ಉಕ್ಕಿ ಬರುತ್ತಿದ್ದ ಕಬ್ಬಿಣದ ಸುರುಳಿಯನ್ನೇ ನೋಡುತ್ತಿದ್ದರು. "ಡ್ರಿಲ್ಲಿಗೆ ಎರಡು ಧಾರಿ ಅದಾವಲಾ? ಮತ್ಯಾಕ ಒಂದ ಸುರಳಿ ಬರಾಕತೈತಿ?" ನಾನು ದಿಟ್ಟಿಸಿದೆ. ಖರೆ. ಒಂದು ಬದಿಯಿಂದ ಉದ್ದನೆಯ ಸುರುಳಿ, ಇನ್ನೊಂದು ಬದಿಯಿಂದ ಬರೀ ಪುಡಿ. "ಒಂದು ಧಾರಿ ದುಡೀತೈತಿ, ಇನ್ನೊಂದು ಮೈಗಳ್ಳ. ಜ್ವಾಡು ಎತ್ತಿನಾಗ ಒಂದ ಎಳದ್ರ ಬಂಡಿ ಸೊಟ್ಟ ಹೋಗತೈತಿ. ನೀವು ಗೇಜ್ ನೋಡಬ್ಯಾಡ್ರಿ, ಎರಡೂ ಸುರಳಿ ಸಮಾ ಬರೂತನಕ ಉಜ್ಜರಿ."

ಅಷ್ಟೇ. ಎರಡು ತಿಂಗಳಲ್ಲಿ ಹತ್ತದ ವಿದ್ಯೆ ಆ ಮಧ್ಯಾಹ್ನ ಹತ್ತಿತು. ಎರಡು ಸುರುಳಿಗಳು ಕುರಿಮರಿಯ ಕೊಂಬಿನ ಹಾಗೆ ಸಮಸಮನಾಗಿ ಎದ್ದು ಬಂದಾಗ ಅಕ್ಕೋರು ಬಿಸಿಯ ಸುರುಳಿಯನ್ನು ಸೆರಗಿನಲ್ಲಿ ಹಿಡಿದು ನನ್ನ ಹೆಂಡತಿಗೆ ಕೊಟ್ಟರು, "ತಗೋ, ಮುಡಕೋ" ಎಂದು.

ಪರೀಕ್ಷೆಯ ದಿನ ಅವರನ್ನು ಬರಲು ಕೇಳಿದವನು ನಾನೇ. ಒಬ್ಬನೇ ಹೋಗಲು ಕಾಲು ಏಳುತ್ತಿರಲಿಲ್ಲ. ಅವರು ಬೆಳಗಿನ ಗಾಡಿಗೆ ಬಂದು, ರೇಲ್ವೆ ಸ್ಟೇಷನ್ನಿನಿಂದ ನನ್ನ ಸ್ಕೂಟರಿನಲ್ಲಿ ಕೂತರು. ಡ್ರಿಲ್‌ಗಳ ಡಬ್ಬಿಯನ್ನು ಕುಲುಕದಂತೆ ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದುಕೊಂಡಿದ್ದವರು ಅವರೇ. "ನಾ ಏನೂ ಮಾತಾಡೂದಿಲ್ಲ. ನಿಮ್ಮ ಪರೀಕ್ಷಾ, ನೀವ ಬರೀರಿ" ಅಂದರು. ಒಳಗೆ ಹೋಗಿ ಗೋಡೆಯ ಪಕ್ಕ ಕವುಚಿ ಹಾಕಿದ್ದ ಒಂದು ಮರದ ಪೆಟ್ಟಿಗೆಯ ಮೇಲೆ, ಕಾಲು ನೀಡಿ, ಕಂಬಳಿಯ ಚೀಲ ಮಡಿಲಲ್ಲಿಟ್ಟು ಕೂತರು.

ಮಿಸ್ತ್ರಿ ನನ್ನನ್ನು ಹಳೆಯ ಕಾಲದಿಂದ ಬಲ್ಲವರು. ಸುತ್ತ ನಾಲ್ಕೈದು ಜನ ಕೆಲಸ ಬಿಟ್ಟು ನೆರೆದಿದ್ದರು. "ನೀವು ಡ್ರಿಲ್ ಎಣಸ್ತಿದ್ರಿ. ಸಾಣಿ ಹಿಡಿಯೂದು ಯಾವಾಗ ಕಲತ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಂದಿಯ ಕಡೆ ತಿರುಗಿದರು. "ಹೋದ ವರ್ಷ ಒಬ್ಬ ಬಂದಿದ್ದ. ಯಾರೋ ಕಚೇರಿ ಹೆಣ್ಮಗಳ ಕಡೆ ಮೂರ ವಾರದ ಟ್ರೇನಿಂಗ್ ಮುಗಿಸಿದಾಂವ. ಮೊದಲ ಸರ್ಟಿಫಿಕೇಟ್ ತಗದ, ಆಮ್ಯಾಲ ಮಾಲು. ನಾ ಸರ್ಟಿಫಿಕೇಟಿಗೆ ತೂತು ಹೊಡದು ಕಳಿಸಿದೆ." ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ನನ್ನ ನಗು ಎಲ್ಲರದಕ್ಕಿಂತ ಸ್ವಲ್ಪ ಉದ್ದವಾಯಿತೆಂದು ನೆನಪು.

ಮೊದಲ ಡ್ರಿಲ್ ಹಾಕಿದರು. ಕರೆಂಟು ಇತ್ತು. ಹಲ್ಲು ಕ್ಷೇಮವಾಗಿತ್ತು. ತೂತಿನೊಳಗೆ ಗೇಜು ಬಿಟ್ಟರು: ಅದಕ್ಕೆ ಎರಡು ತುದಿ, ಒಂದು ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಹೋಗಬೇಕಾದದ್ದು ಹೋಯಿತು, ಹೋಗಬಾರದ್ದು ನಿಂತಿತು. ಎರಡನೆಯದು, ಮೂರನೆಯದು. ಏಳನೆಯದಕ್ಕೆ ಮಿಸ್ತ್ರಿ ಗೇಜು ಬಿಡುವುದನ್ನು ನಿಲ್ಲಿಸಿ ಸುರುಳಿಗಳನ್ನೇ ನೋಡತೊಡಗಿದರು. ಹತ್ತನೆಯದು ಮುಗಿಸಿ ಮಷೀನು ಬಂದ್ ಮಾಡಿ, ಎರಡು ಸುರುಳಿಗಳನ್ನು ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಂಡರು.

"ನಮ್ಮ ಹುಡುಗ್ರಿಗೆ ಹೇಳಿ ಹೇಳಿ ಸಾಕಾತು, ಎರಡೂ ಸಮಾ ಬರಬೇಕಂತ. ಒಬ್ಬನ ತಲಿಗೂ ಹತ್ತಲಿಲ್ಲ. ನಿಮಗ ಯಾರು ಕಲಿಸಿದ್ರು ಇದನ್ನ?"

"ಯಾರೂ ಇಲ್ರಿ" ಅಂದೆ. "ನಾನ ಸ್ವಂತ ಕಲತೆ."

"ಟ್ರೇನಿಂಗ್ ಗೀನಿಂಗ್ ಏನಿಲ್ಲಲಾ?"

"ಛೇ, ಇಲ್ರಿ."

"ಶಾಬಾಸ್." ಅವರು ನನ್ನ ಬೆನ್ನು ತಟ್ಟಿದರು. ಮೂಲೆಯಲ್ಲಿದ್ದ ಮೊಂಡ ಡ್ರಿಲ್‌ಗಳ ತಗಡಿನ ಡಬ್ಬವನ್ನು ಕಾಲಿನಿಂದ ನನ್ನ ಕಡೆ ತಳ್ಳಿ, "ಒಯ್ಯರಿ, ಎಲ್ಲಾ ನಿಮ್ಮವ" ಅಂದರು. ಆಗ ಅವರ ಕಣ್ಣು ಗೋಡೆಯ ಪಕ್ಕ ಬಿತ್ತು. "ಮತ್ತ ಈ ಬಾಯಾರು? ನಿಮ್ಮ ಕೂಡ ಬಂದಾರೇನು?"

ನಾನು ಬಗ್ಗಿ ತಗಡಿನ ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಕ್ಕೋರೂ ನೋಡುತ್ತಿದ್ದರು, ಒಡಕು ಹಂಚು ನೋಡುವಾಗ ನೋಡುತ್ತಿದ್ದ ಹಾಗೆ, ಸಿಟ್ಟಿಲ್ಲದೆ, ಎಲ್ಲಿ ಒಡೆದಿದೆ ಎಂದು. ಆಮೇಲೆ ಚೀಲವನ್ನು ಹೆಗಲಿಗೇರಿಸಿ, ಗೋಡೆ ಹಿಡಿದು ಮೆಲ್ಲಗೆ ಎದ್ದರು.

"ಇಲ್ರೀಯಪ್ಪಾ" ಅಂದರು ಮಿಸ್ತ್ರಿಗೆ. "ಖಾನಾಪುರ ಬಸ್ಸಿಗಿ ಇನ್ನೂ ಹೊತ್ತಿತ್ತು. ಇಲ್ಲಿ ನೆರಳ ಚೊಲೋ ಇತ್ತು, ಕುಂತೆ."

ಆ ಗಲ್ಲಿಗೆ ಯಾವ ಬಸ್ಸೂ ಬರುವುದಿಲ್ಲ.